ಕರಡು ಮುಗಿದ ಮೇಲೆ

ನನ್ನ ಕಥಾಸಂಗ್ರಹದ ಕರಡು ಕಳೆದ ತಿಂಗಳು ಮುಗಿಯಿತು. ಪ್ರಕಾಶಕರ ಬಾಗಿಲಲ್ಲಿ ನಿಲ್ಲುವ ತಾಳ್ಮೆ ಸಾಲದೆ, ಸ್ವಂತ ಖರ್ಚಿನಿಂದಲೇ ಹೊರತರುವುದೆಂದು ನಿಶ್ಚಯಿಸಿದೆ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಾವೇ ಅಚ್ಚುಕೂಟ ನಡೆಸಿದರು. ನಮ್ಮ ಪಾಡು ಅವರಿಗಿಂತ ಸುಖದ್ದು: ಕಲಬುರಗಿಯಲ್ಲಿ ಕುಳಿತೇ 50 ಪ್ರತಿ ಬೇಕೆಂದರೂ ಅಚ್ಚು ಹಾಕಿಸಬಹುದು.

ನನ್ನ ಅಳುಕು ಈ ಸೌಕರ್ಯದ ಬಗೆಗೇ. ಹಣ ಕೊಡುವವನೂ ಲೇಖಕನೇ ಆದಾಗ ‘ಬೇಡ’ ಎನ್ನುವವರು ಯಾರು? ಪ್ರಕಾಶಕನ ಲಾಭಬುದ್ಧಿಯನ್ನು ನಾವು ಎಷ್ಟೇ ಹಳಿದರೂ, ಅವನ ಮೇಜಿನ ಮೇಲೆ ಹಸ್ತಪ್ರತಿ ತಿಂಗಳುಗಟ್ಟಲೆ ಬಿದ್ದಿರುವುದೂ ಒಂದು ಉಪಕಾರವೇ ಸರಿ.

ಹೋದ ಭಾನುವಾರ ಕಮಲಾಪುರಕ್ಕೆ ಹೋಗಿದ್ದೆ. ನನ್ನ ಕಥೆಗಳ ಊರು ಅದೇ. ಕೆಂಬಾಳೆಯ ತೋಟದ ಹಿರಿಯರೊಬ್ಬರಿಗೆ ಒಂದು ಕಥೆ ಓದಿದೆ. ಸಾಲದಲ್ಲಿ ಮುಳುಗಿದ ರೈತ ಹೆಂಡತಿಯೊಡನೆ ಆಡುವ ಮಾತು ಬಂದಾಗ ಅವರು ಕೈಯೆತ್ತಿ ತಡೆದರು: “ಸರ, ಇದು ನಿಮ್ಮ ಕಾಲೇಜಿನ ಮಾತು. ಸಾಲ ಆದಾಗ ನಾವು ಇಷ್ಟು ಮಾತಾಡಂಗಿಲ್ರಿ. ಸುಮ್ನ ಕುಂದರ್ತೀವಿ.”

15 ವರ್ಷ ತರಗತಿಯಲ್ಲಿ ಔಚಿತ್ಯವನ್ನು ಬೋಧಿಸಿದವನಿಗೆ ಇದಕ್ಕಿಂತ ಪಾಠ ಬೇಕೆ!

ಅಚ್ಚಾದ ಪುಸ್ತಕದ ಪ್ರತಿಯನ್ನು ಕೊಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಸಬೇಕೆಂದು 1954ರ ಕಾಯಿದೆ ವಿಧಿಸುತ್ತದೆ. ನನ್ನ ತಪ್ಪೂ ಅಲ್ಲಿಯೇ ಭದ್ರವಾಗಿ ಕುಳಿತೀತು! ದಸರೆಯ ತನಕ ತಡೆಯಿರೆಂದು ಮುದ್ರಕರಿಗೆ ಹೇಳಿ ಕಳುಹಿಸಿದ್ದೇನೆ. ಆ ರೈತನ ಎರಡು ಪುಟದ ಮಾತಿಗೆ ಗೆರೆ ಎಳೆದಾಯಿತು. ಉಳಿದ ಕಥೆಗಳನ್ನು ಅದೇ ತೋಟದಲ್ಲಿ ಓದಬೇಕು.