ಜೊತೆಗಾರನಿಗೆ ಇಂಗ್ಲಿಷಿನ ಹೆಸರುಗಳು
ಇಂಗ್ಲಿಷಿನಲ್ಲಿ ಜೊತೆಗಾರನನ್ನು ಸೂಚಿಸುವ ಪದವನ್ನು ಆಯ್ದುಕೊಳ್ಳುವಾಗ ಅದರ ಅರ್ಥಕ್ಕಿಂತ ಹೆಚ್ಚಾಗಿ ಅದರ ಸ್ತರವನ್ನು, ಅಂದರೆ ಅದು ಎಂಥ ಸಂದರ್ಭದಲ್ಲಿ, ಯಾರ ನಡುವೆ ಸಲ್ಲುತ್ತದೆ ಎಂಬುದನ್ನು ಗಮನಿಸಬೇಕಾಗುತ್ತದೆ. 'ಫ್ರೆಂಡ್' ತಟಸ್ಥ ಪದವಾದ್ದರಿಂದ ಅರ್ಜಿಯಲ್ಲೂ ಹರಟೆಯಲ್ಲೂ ಒಪ್ಪುತ್ತದೆ. 'ಮೇಟ್', 'ಪಾಲ್' ಸಲುಗೆಯವು. ಈ ಭೇದವನ್ನು ವ್ಯುತ್ಪತ್ತಿ, ಎಂದರೆ ಪದದ ಹುಟ್ಟಿನ ಚರಿತ್ರೆ, ನಿರ್ಧರಿಸುವುದಿಲ್ಲವೆಂಬುದು ನಿಜಕ್ಕೂ ಸೋಜಿಗದ ಸಂಗತಿ: ಜರ್ಮಾನಿಕ್ ಮೂಲದ 'ಮೇಟ್' ಊಟವನ್ನು ಹಂಚಿಕೊಳ್ಳುವವನನ್ನೂ, ಲ್ಯಾಟಿನ್ ಮೂಲದ 'ಕಂಪ್ಯಾನಿಯನ್' ರೊಟ್ಟಿಯನ್ನು ಹಂಚಿಕೊಳ್ಳುವವನನ್ನೂ ಹೇಳುತ್ತಿದ್ದರೂ, ಫ್ರೆಂಚಿನ ಮೂಲಕ ಬಂದ ಎರಡನೆಯದು ಗ್ರಾಂಥಿಕ ಗಾಂಭೀರ್ಯವನ್ನು ಪಡೆದರೆ ಮೊದಲನೆಯದು ದುಡಿಯುವವರ ಆಡುಮಾತಿನಲ್ಲಿ ನೆಲೆಯೂರಿತು. 'ಪಾಲ್' ಅಂತೂ ಭಾರತದಿಂದ ವಲಸೆ ಹೋದ ರೋಮಾ ಜನರ ಭಾಷೆಯಲ್ಲಿ ಸಹೋದರನಿಗಿದ್ದ ಪದದಿಂದ ಬಂದದ್ದು. ಸಂಸ್ಕೃತದ 'ಭ್ರಾತೃ' ಅದರ ಬಂಧು. ಸ್ತರದ ತಕರಾರು ಅತ್ಯಂತ ತೀವ್ರವಾಗಿ ಕಂಡದ್ದು ಆಸ್ಟ್ರೇಲಿಯಾದಲ್ಲಿ: 1999ರಲ್ಲಿ ಸಂವಿಧಾನದ ಪ್ರಸ್ತಾವನೆಯ ಕರಡಿಗೆ ಪ್ರಧಾನಿ ಜಾನ್ ಹೊವಾರ್ಡ್ ಸೇರಿಸಿದ್ದ 'ಮೇಟ್‌ಶಿಪ್' ಪದ ವಿರೋಧದಿಂದಾಗಿ ಬಿದ್ದುಹೋಯಿತು, 2005ರಲ್ಲಿ ಕ್ಯಾನ್ಬೆರಾದ ಸಂಸತ್ ಭವನದ ಕಾವಲು ಸಿಬ್ಬಂದಿ ಯಾರನ್ನೂ 'ಮೇಟ್' ಎನ್ನಬಾರದೆಂದು ಹೊರಟ ಆದೇಶವನ್ನು, ಸಮಾನತೆಯ ಸಂಬೋಧನೆಯನ್ನೇ ಅಗೌರವವೆಂದು ಎಣಿಸಿದ್ದಕ್ಕಾಗಿ ಎದ್ದ ಪ್ರತಿಭಟನೆಯಿಂದ ಬೇಗನೆ ಹಿಂತೆಗೆದುಕೊಳ್ಳಬೇಕಾಯಿತು, ಮತ್ತು ಅದು ತಕ್ಕದ್ದೇ ಆಗಿತ್ತು. ಆದರೆ ಇದೇ ಪದ ಸಮಾಸದ ಉತ್ತರಪದವಾದಾಗ ಸಲುಗೆಯನ್ನು ಕಳಚಿಕೊಂಡು ತಟಸ್ಥವಾಗುತ್ತದೆ; ಕನ್ನಡಿಗರು ನಿತ್ಯ ಬಳಸುವ 'ಕ್ಲಾಸ್‌ಮೇಟ್', 'ರೂಮ್‌ಮೇಟ್'ಗಳನ್ನು ಔಪಚಾರಿಕ ಪತ್ರದಲ್ಲಿಯೂ ಅಳುಕಿಲ್ಲದೆ ಬರೆಯಬಹುದು.