ಶಾವಿಗೆಯ ಒರಳು ಅಟ್ಟ ಸೇರದಿರಲಿ

ಶ್ರೀನಿವಾಸಪುರದ ಸೀಮೆಗೆ ಹೆಸರು ತಂದದ್ದು ಮಾವು. ಇಲ್ಲಿನ ಜನರ ಮೈಗೆ ಕಸುವು ತಂದದ್ದು ರಾಗಿ. ಇಂದು ಅದೇ ಸೀಮೆಯ ಮನೆಗಳಲ್ಲಿ ಮಕ್ಕಳು ಸಂಜೆಯ ಹಸಿವಿಗೆ ಬೇಡುವುದು ಪೊಟ್ಟಣದ ನೂಡಲ್ಸನ್ನು, ಪಾಸ್ತಾವನ್ನು. ಅದಕ್ಕಾಗಿ ಅವರನ್ನು ಗದರಿ ಪ್ರಯೋಜನವಿಲ್ಲ. ಎಳೆಯಾಗಿ ಜಾರುವ ತಿನಿಸು ಮಕ್ಕಳಿಗೆ ಪ್ರಿಯ. ಆ ಎಳೆ ಯಾವ ಹಿಟ್ಟಿನದಾಗಿರಬೇಕೆಂದು ನಿರ್ಧರಿಸಬೇಕಾದವರು ಹಿರಿಯರು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶವಿದೆ. ಮೈದಾದಲ್ಲಿ ಇರುವುದು ಸುಮಾರು 20 ಮಾತ್ರ. ನಾರಿನಂಶ ರಾಗಿಯಲ್ಲಿ 11 ಗ್ರಾಂ, ಮೈದಾದಲ್ಲಿ 3 ಗ್ರಾಂಗೂ ಕಡಿಮೆ. ಆದ್ದರಿಂದ ಹತ್ತು ಪಾಲು ಹಿಟ್ಟಿನಲ್ಲಿ ಮೂರು ಪಾಲು ರಾಗಿ ಬೆರೆತರೂ ಸುಣ್ಣದಂಶವು ಆರು ಪಟ್ಟು ಹೆಚ್ಚುತ್ತದೆ, ನಾರು ಬಹುತೇಕ ಇಮ್ಮಡಿಯಾಗುತ್ತದೆ.

ಹಾಗಾದರೆ ಪೂರ್ತಿ ರಾಗಿಯಿಂದಲೇ ಪಾಸ್ತಾ ಏಕೆ ಮಾಡಬಾರದು? ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ರಾಗಿಯಲ್ಲಿಲ್ಲ. ಹಸಿಹಿಟ್ಟಿನ ಎಳೆ ಕುದಿಯುವ ನೀರಿನಲ್ಲಿ ಒಡೆದುಹೋಗುತ್ತದೆ. ನಮ್ಮ ತಾಯಂದಿರು ಈ ತೊಡಕನ್ನು ಎಂದೋ ಬಿಡಿಸಿದ್ದರು. ಅವರು ಹಿಟ್ಟನ್ನು ಬಿಸಿನೀರಿನಲ್ಲಿ ಮುದ್ದೆಯಂತೆ ಬೇಯಿಸಿ, ಬಿಸಿಯಿರುವಾಗಲೇ ಒರಳಿನಲ್ಲಿ ಒತ್ತಿ, ಹಬೆಯಲ್ಲಿ ಹದಗೊಳಿಸುತ್ತಿದ್ದರು. ಬೆಂದ ಪಿಷ್ಟವೇ ಅಲ್ಲಿ ಅಂಟಿನ ಕೆಲಸ ಮಾಡುತ್ತಿತ್ತು. ಮೈದಾದ ಹಂಗಿಲ್ಲದ ಪಾಸ್ತಾ ನಮ್ಮ ಒತ್ತುಶಾವಿಗೆಯೇ ಅಲ್ಲವೆ?

ಆದರೆ ರಾಗಿಯನ್ನು ಹೊಗಳುವ ಭರದಲ್ಲಿ ಅದರ ಕೊರತೆಯನ್ನು ಮರೆಮಾಚಬಾರದು. ಪ್ರೋಟೀನು ರಾಗಿಯಲ್ಲಿ 7 ಗ್ರಾಂ, ಮೈದಾದಲ್ಲಿ 10 ಗ್ರಾಂ. ಈ ಕೊರತೆಯನ್ನು ಕಾಳು ತುಂಬಬೇಕು. ಬೆರಕೆ ಹಿಟ್ಟಿಗೆ ಒಂದು ಪಾಲು ಕಡಲೆಹಿಟ್ಟು ಸೇರಿಸಬಹುದು. ಶಾವಿಗೆಯೊಡನೆ ಅವರೆಕಾಳಿನ ಸಾರನ್ನೋ ಹೆಸರುಕಾಳಿನ ಉಸಲಿಯನ್ನೋ ಬಡಿಸಬಹುದು. ಮೇಲೆ ಹಿಂಡಿದ ನಿಂಬೆರಸವು ಕಬ್ಬಿಣದಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಮಧುಮೇಹವುಳ್ಳವರು ರಾಗಿಯೆಂಬ ಧೈರ್ಯದಿಂದ ಮಿತಿ ಮೀರಬಾರದು. ನುಣ್ಣಗೆ ಬೀಸಿ ಬೇಯಿಸಿದ ಪಿಷ್ಟವು ಬೇಗನೆ ಸಕ್ಕರೆಯಾಗುತ್ತದೆ.

2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವಾಗಿ ಆಚರಿಸಿತು. ಇಂದು ಅಂಗಡಿಗಳಲ್ಲಿ ರಾಗಿಯ ಹೆಸರು ಹೊತ್ತ ಪೊಟ್ಟಣಗಳಿಗೆ ಬರವಿಲ್ಲ. ಕೊಳ್ಳುವ ಮುನ್ನ ಹಿಂಬದಿಯನ್ನು ಓದಬೇಕು. ಅಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದು ನಿಯಮ. ಮೊದಲ ಹೆಸರು ಮೈದಾ ಆಗಿದ್ದರೆ, ಮುಂಬದಿಯ ರಾಗಿತೆನೆ ಬರಿಯ ಚಿತ್ರವೆಂದೇ ತಿಳಿಯಬೇಕು.

ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ: ವಾರಕ್ಕೊಮ್ಮೆ ಒರಳನ್ನು ಅಟ್ಟದಿಂದಿಳಿಸಿ, ಒತ್ತುವ ಕೆಲಸಕ್ಕೆ ಮಕ್ಕಳ ಕೈಯನ್ನೂ ಸೇರಿಸಿಕೊಳ್ಳಿರಿ. ತಾವೇ ಒತ್ತಿದ ಶಾವಿಗೆಯನ್ನು ಮಕ್ಕಳು ತಟ್ಟೆಯಲ್ಲಿ ಬಿಡುವುದು ಅಪರೂಪ. ತಿಂಗಳಿಗೊಂದು ದಿನ ದಾಸೋಹದ ಪಂಕ್ತಿಯಲ್ಲಿಯೂ ರಾಗಿಶಾವಿಗೆ ಬಡಿಸುವಂತಾದರೆ, ಮರೆತ ಕೈಗಳಿಗೆ ಹದವು ಮತ್ತೆ ನೆನಪಾದೀತು.