ಯಂತ್ರಕ್ಕೆ ಯಂತ್ರವೇ ವೈದ್ಯ

ಪರೀಕ್ಷೆಯ ಶುಲ್ಕ ಕಟ್ಟಲು ಅದೇ ಕೊನೆಯ ದಿನ. ರಾತ್ರಿ ಒಂಬತ್ತರ ಹೊತ್ತಿಗೆ ಮನೆಯ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಇಂಟರ್ನೆಟ್ ಇಲ್ಲವೆಂಬ ಗುರುತು ಮೂಡುತ್ತದೆ. ಮಗ ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸುತ್ತಾನೆ. ತಂದೆ ರೌಟರಿನ ಸ್ವಿಚ್ಚನ್ನು ಆರಿಸಿ ಹಾಕುತ್ತಾರೆ. ಮಧ್ಯಾಹ್ನವೇ ಕಟ್ಟಿದ್ದರೆ ಈ ಪಾಡಿರುತ್ತಿರಲಿಲ್ಲವೆಂದು ತಾಯಿ ಒಳಗಿನಿಂದಲೇ ಹೇಳುತ್ತಾರೆ. ಕಡೆಗೆ ಯಾರೋ ಒಬ್ಬರು, ದೋಷವನ್ನು ತಾನೇ ಹುಡುಕಿ ಸರಿಪಡಿಸುವೆನೆನ್ನುವ ಗುಂಡಿಯನ್ನು ಒತ್ತುತ್ತಾರೆ. ತುಸು ಹೊತ್ತಿನಲ್ಲಿ ತೀರ್ಪು ಹೊರಬೀಳುತ್ತದೆ: ‘ಸರಿಪಡಿಸಲಾಗಿದೆ’, ಇಲ್ಲವೇ ‘ದೋಷ ಕಂಡುಬಂದಿಲ್ಲ’.

ಆ ತುಸು ಹೊತ್ತಿನಲ್ಲಿ ನಡೆಯುವುದಾದರೂ ಏನು?

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಸೌಕರ್ಯಕ್ಕೆ ‘ರಿಪೇರಿ’ ಎಂಬ ನೇರವಾದ ಹೆಸರೇ ಇದ್ದಿತು. ಅದಕ್ಕೆ ರೋಗ ಯಾವುದೆಂಬ ಗೊಡವೆ ಇರಲಿಲ್ಲ. ಬಲ್ಲ ನಾಲ್ಕಾರು ಮದ್ದುಗಳನ್ನು ಸಾಲಾಗಿ ಕುಡಿಸಿಬಿಡುತ್ತಿತ್ತು. 2007ರಲ್ಲಿ ವಿಸ್ತಾ ಮನೆಮನೆಗೆ ಬಂದಾಗ ಮೊದಲು ನಾಡಿ ಹಿಡಿದು ಆಮೇಲೆ ಔಷಧ ಕೊಡುವ ಪದ್ಧತಿ ಬಂದಿತು. ಹೆಸರೂ ರೂಪವೂ ಅನೇಕ ಬಾರಿ ಬದಲಾಗಿದ್ದರೂ ಪರೀಕ್ಷೆಯ ಕ್ರಮ ಇಂದಿಗೂ ಬಹುಮಟ್ಟಿಗೆ ಅದೇ.

ತಂತಿ ಕೂಡಿದೆಯೇ, ವೈಫೈ ಹತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಎರಡನೆಯದು ವಿಳಾಸದ್ದು. ಮನೆಯ ಪ್ರತಿಯೊಂದು ಕಂಪ್ಯೂಟರಿಗೂ ರೌಟರು ಒಂದು ಅಂಕೆಯ ವಿಳಾಸವನ್ನು ಬಾಡಿಗೆಗೆ ಕೊಡುತ್ತದೆ. ಬಾಡಿಗೆಯೆಂಬುದು ಬರಿಯ ಉಪಮೆಯಲ್ಲ. ಅವಧಿ ಮುಗಿದ ಮೇಲೆ ಕರಾರನ್ನು ನವೀಕರಿಸಲೇಬೇಕು. ರೌಟರು ಉತ್ತರ ಕೊಡದೆ ಹೋದರೆ, ಕಂಪ್ಯೂಟರು 169.254 ಎಂದು ಆರಂಭವಾಗುವ ವಿಳಾಸವೊಂದನ್ನು ತಾನೇ ಕಟ್ಟಿಕೊಂಡು ಕೂರುತ್ತದೆ. ಆ ವಿಳಾಸ ಹಿಡಿದು ಹೊರಜಗತ್ತಿಗೆ ಹೋಗಲಾಗದು. ಈ ಅಂಕೆಗಳು ಕಂಡೊಡನೆ ಯಂತ್ರವೈದ್ಯನು ಹಳೆಯ ಕರಾರನ್ನು ಹರಿದು ಹೊಸದನ್ನು ಬೇಡುತ್ತಾನೆ. ಮನೆಗಳಲ್ಲಿ ‘ತಾನಾಗಿ ಸರಿಹೋಯಿತು’ ಎನ್ನುವ ಪವಾಡಗಳಲ್ಲಿ ಬಹಳಷ್ಟು ಇಷ್ಟರ ಕೆಲಸವೇ.

ಮೂರನೆಯ ಪ್ರಶ್ನೆ, ಹೆಬ್ಬಾಗಿಲಾದ ರೌಟರು ಓಗೊಡುವುದೇ ಎಂಬುದು. ನಾಲ್ಕನೆಯದು ಹೆಸರಿನದು, ಹೆಚ್ಚಿನ ಸ್ವಾರಸ್ಯವಿರುವುದು ಇಲ್ಲಿಯೇ. ಮನುಷ್ಯರು ಬ್ಯಾಂಕಿನ ಹೆಸರನ್ನು ಅಕ್ಷರಗಳಲ್ಲಿ ಬರೆಯುತ್ತಾರೆ. ಯಂತ್ರಗಳಿಗೆ ಅಂಕೆಗಳೇ ಬೇಕು. ಹೆಸರನ್ನು ಕೇಳಿ ಅಂಕೆಯನ್ನು ಹೇಳುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. 1983ರಲ್ಲಿ ಅದನ್ನು ರೂಪಿಸಿದವರು ಅಮೆರಿಕದ ಪಾಲ್ ಮೊಕಾಪೆಟ್ರಿಸ್. ಈ ಹೆಸರು ಹೇಳುವ ಯಂತ್ರ ಮೌನ ತಳೆದರೆ ಇಂಟರ್ನೆಟ್ ಇದ್ದೂ ಇಲ್ಲದಂತೆ. ಆಗ ವೈದ್ಯನು ಕಂಪ್ಯೂಟರು ನೆನಪಿನಲ್ಲಿಟ್ಟುಕೊಂಡಿದ್ದ ಹಳೆಯ ಉತ್ತರಗಳನ್ನು ಅಳಿಸಿ, ಮತ್ತೆ ಕೇಳಿಸಿ ನೋಡುತ್ತಾನೆ.

ಸಂಪರ್ಕವಿದೆಯೇ ಎಂಬುದಕ್ಕೆ ಕಟ್ಟಕಡೆಯ ಸಾಕ್ಷಿ ಬಹಳ ಸರಳವಾದುದು. ವಿಂಡೋಸ್ 10ರಿಂದ ಈಚಿನ ಕಂಪ್ಯೂಟರುಗಳು ಮೈಕ್ರೋಸಾಫ್ಟಿನ ಒಂದು ಪುಟ್ಟ ಕಡತವನ್ನು ತರಿಸಿಕೊಳ್ಳುತ್ತವೆ. ಅದರಲ್ಲಿರುವುದು ಮೂರೇ ಮಾತು: ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್. ಆ ಮೂರು ಮಾತು ಇದ್ದ ಹಾಗೆಯೇ ಬಂದರೆ ಸಂಪರ್ಕವಿದೆಯೆಂದು ಲೆಕ್ಕ.

ಒಂದು ಕಾಗದ ಸರಿಯಾಗಿ ಬಂದಿತೆಂದ ಮಾತ್ರಕ್ಕೆ ಅಂಚೆಯವನು ಪ್ರಾಮಾಣಿಕನೆನ್ನಬಹುದೆ? ಎನ್ನಲಾಗದೆಂಬುದಕ್ಕೆ 2007ರಿಂದ 2011ರವರೆಗೆ ನಡೆದ ಒಂದು ವಂಚನೆಯೇ ಸಾಕ್ಷಿ. ಎಸ್ಟೋನಿಯಾ ದೇಶದ ಒಂದು ತಂಡ ‘ಡಿಎನ್‌ಎಸ್ ಚೇಂಜರ್’ ಎಂಬ ಕೇಡಿನ ತಂತ್ರಾಂಶವನ್ನು ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳಿಗೆ ಹೊಗಿಸಿತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಯಂತ್ರಗಳೂ ಅವುಗಳಲ್ಲಿ ಸೇರಿದ್ದವು. ಹೆಸರನ್ನು ಯಾರಲ್ಲಿ ಕೇಳಬೇಕೆಂಬ ಒಂದು ಸಾಲಿನಲ್ಲಿ ಆ ತಂತ್ರಾಂಶ ವಂಚಕರ ಯಂತ್ರಗಳ ಅಂಕೆಯನ್ನು ಬರೆಯಿತು. ಬಹುಪಾಲು ಪ್ರಶ್ನೆಗಳಿಗೆ ಆ ಯಂತ್ರಗಳು ಸರಿಯುತ್ತರವನ್ನೇ ಕೊಡುತ್ತಿದ್ದವು. ಬೇಕೆನಿಸಿದಾಗ ಮಾತ್ರ ಸುಳ್ಳು. ಆಪಲ್ ಕಂಪನಿಯ ಸಂಗೀತದಂಗಡಿಯ ಕೊಂಡಿಯನ್ನು ಒತ್ತಿದವರು ಮತ್ತಾರದೋ ಅಂಗಡಿಗೆ ಹೋಗಿ ನಿಲ್ಲುತ್ತಿದ್ದರು. ಹೀಗೆ ದಾರಿ ತಪ್ಪಿಸಿ ಅವರು ಗಳಿಸಿದ್ದು ಕಡಿಮೆಯೆಂದರೂ 1.4 ಕೋಟಿ ಡಾಲರು. ಮನೆಯವರಿಗೆ ಇಂಟರ್ನೆಟ್ ನಡೆಯುತ್ತಲೇ ಇತ್ತು. ವೈದ್ಯನ ಗುಂಡಿಯನ್ನು ಒತ್ತಬೇಕೆಂದು ಯಾರಿಗೆ ತಾನೇ ತೋಚೀತು? ಒತ್ತಿದ್ದರೂ ಹೆಸರಿಗೆ ಉತ್ತರ ಬರುತ್ತಿದ್ದುದರಿಂದ ‘ದೋಷವಿಲ್ಲ’ ಎಂದೇ ತೀರ್ಪಾಗುತ್ತಿತ್ತು.

2011ರ ನವೆಂಬರಿನಲ್ಲಿ ತಂಡದ ಆರು ಮಂದಿ ಎಸ್ಟೋನಿಯಾದಲ್ಲಿ ಸೆರೆಯಾದರು. ಆಗ ಮತ್ತೊಂದು ಪೇಚು ಎದುರಾಯಿತು. ವಂಚಕರ ಯಂತ್ರಗಳನ್ನು ಥಟ್ಟನೆ ನಿಲ್ಲಿಸಿದರೆ ಅವನ್ನೇ ನಂಬಿದ್ದ ಲಕ್ಷಾಂತರ ಮನೆಗಳಲ್ಲಿ ಇಂಟರ್ನೆಟ್ ಸ್ತಬ್ಧವಾಗುತ್ತಿತ್ತು! ನ್ಯಾಯಾಲಯದ ಅಪ್ಪಣೆಯಂತೆ ಅವುಗಳ ಜಾಗದಲ್ಲಿ ಸತ್ಯ ಹೇಳುವ ಯಂತ್ರಗಳನ್ನು ಕೂರಿಸಲಾಯಿತು. ಮಾರ್ಚಿಗೆ ಮುಗಿಯಬೇಕಾಗಿದ್ದ ಗಡುವನ್ನು ಮುಂದೂಡಿ, 2012ರ ಜುಲೈ 9ರಂದು ಅವನ್ನು ಆರಿಸಿದರು. ಎಂಟು ತಿಂಗಳ ಎಚ್ಚರಿಕೆಯ ನಂತರವೂ ಎರಡು ಲಕ್ಷಕ್ಕೂ ಮಿಕ್ಕಿದ ಕಂಪ್ಯೂಟರುಗಳು ಹಳೆಯ ಸಾಲನ್ನೇ ಹೊತ್ತಿದ್ದವು.

ಆ ಸಾಲನ್ನು ನೋಡುವುದಕ್ಕೆ ಪಂಡಿತರು ಬೇಕಿಲ್ಲ. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಎಂಬುದರ ಮುಂದೆ ಸಾಮಾನ್ಯವಾಗಿ ‘ಆಟೋಮ್ಯಾಟಿಕ್’ ಎಂದಿರುತ್ತದೆ. ಮನೆಯಲ್ಲಿ ಯಾರೂ ಬರೆಯದ ಅಂಕೆಗಳು ಅಲ್ಲಿ ಕಂಡರೆ, ಬರೆದವರಾರೆಂದು ವಿಚಾರಿಸುವುದು ಅಗತ್ಯ. ಕಚೇರಿಯ ಕಂಪ್ಯೂಟರಾದರೆ ಕಚೇರಿಯವರೇ ಬರೆದಿರಬಹುದು, ಕೇಳದೆ ಅಳಿಸಬಾರದು. ರೌಟರಿನೊಳಗೂ ಅಂಥದೇ ಸಾಲೊಂದಿದೆ. ಕಾರ್ಖಾನೆಯಿಂದ ಬಂದಾಗಿನ ಗುಪ್ತಪದವನ್ನೇ ಉಳಿಸಿಕೊಂಡಿದ್ದ ರೌಟರುಗಳಿಗೂ ಡಿಎನ್‌ಎಸ್ ಚೇಂಜರ್ ಕೈಹಾಕಿತ್ತು. ಅಂಥ ಮನೆಗಳಲ್ಲಿ ಕಂಪ್ಯೂಟರನ್ನು ಎಷ್ಟು ತೊಳೆದರೂ ಪ್ರಯೋಜನವಾಗುತ್ತಿರಲಿಲ್ಲ. ‘ಆಟೋಮ್ಯಾಟಿಕ್’ ಎಂದಿದ್ದ ಕಂಪ್ಯೂಟರಿಗೂ ರೌಟರು ಆ ಕೆಟ್ಟ ಅಂಕೆಯನ್ನೇ ಹಂಚುತ್ತಿತ್ತು.